ಹಾಡಿನೊಳಗಿನ ‘ನೀನು’

ನಮ್ಮ ಪಕ್ಕದ ಮನೆಯ ಪ್ರಾಸಣ್ಣ ರಾಕ್ ಹಾಡು ಬರೆದದ್ದು ಕವಿತ್ವ ಉಕ್ಕಿ ಬಂದಿದ್ದರಿಂದಲ್ಲ, ಬಾಯಿ ತೆರೆದು ಕೂತಿದ್ದರಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅವನ ಮೇಲೆ ಬಂದ ಅಪವಾದಗಳಲ್ಲಿ ‘ಬಂಡಾಯಗಾರ’ ಎನ್ನುವುದೂ ಒಂದು. ಬಂಡಾಯಕ್ಕೂ ಅವನಿಗೂ ಎಷ್ಟು ದೂರವೆಂದರೆ, ಬೀದಿ ನಾಯಿ ದಾರಿಗೆ ಅಡ್ಡ ಮಲಗಿದ್ದರೂ “ಸ್ವಲ್ಪ ಸರೀತೀರಾ?” ಎಂದು ಕೇಳುವ ಮನುಷ್ಯ ಅವನು.

ಅವನು ಕೆಲಸ ಮಾಡುವುದು ತೂಕ ಮತ್ತು ಅಳತೆಯ ಕಚೇರಿಯಲ್ಲಿ. ಅಂಗಡಿ ಅಂಗಡಿ ಸುತ್ತಿ, ತಕ್ಕಡಿ ಸರಿಯಾಗಿದೆಯೇ, ಬಟ್ಟೆ ಅಂಗಡಿಯವನ ಮೀಟರು ಕೋಲು ನಿಜಕ್ಕೂ ಮೀಟರು ಉದ್ದ ಇದೆಯೇ ಎಂದು ನೋಡಿ ಮುದ್ರೆ ಒತ್ತುವುದು ಅವನ ಉದ್ಯೋಗ. ಕಚೇರಿಯಲ್ಲಿ ಯಾರಾದರೂ ನಿವೃತ್ತರಾದರೆ ಪದ್ಯ ಓದುವುದು ಅವನ ಹವ್ಯಾಸ. “ತೂಕದಲ್ಲಿ ದೋಷವಿಲ್ಲ, ಅಳತೆಯಲ್ಲಿ ಮೋಸವಿಲ್ಲ, ನಿಮ್ಮ ಮೇಲೆ ರೋಷವಿಲ್ಲ” ಎಂಬ ಧಾಟಿಯವು. ಪ್ರಾಸ ಸಿಕ್ಕರೆ ಸಾಕು, ಅರ್ಥದ ಗೋಜಿಗೆ ಹೋಗುತ್ತಿರಲಿಲ್ಲ. ಹಾಗಾಗಿ ಪ್ರಾಸಣ್ಣ ಎಂಬ ಹೆಸರು ನಿಂತಿತು. ಅವನು ಅದನ್ನು ಬಿರುದು ಎಂದು ತಿಳಿದುಕೊಂಡಿದ್ದ. ನಾವು ಯಾರೂ ತಿದ್ದಲು ಹೋಗಲಿಲ್ಲ.

ನಮ್ಮ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ ಇದೆ. ಡಾಕ್ಟರಿಗೆ ವಯಸ್ಸು ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ಎದುರಿನ ಬೇಕರಿಯವನಿಗೆ ಡ್ರಮ್ಮಿನ ಹುಚ್ಚು ಮೊದಲಿಂದಲೂ ಇತ್ತು, ಹಿಟ್ಟು ನಾದಿ ತೀರಿಸಿಕೊಳ್ಳುತ್ತಿದ್ದ. ಇಬ್ಬರೂ ಸೇರಿ ಬ್ಯಾಂಡು ಕಟ್ಟಿದರು. ಕಟ್ಟಡದ ನಿವಾಸಿಗಳ ಸಂಘದ ವಾರ್ಷಿಕೋತ್ಸವದಲ್ಲಿ ಹಾಡುವುದೆಂದು ತೀರ್ಮಾನವೂ ಆಯಿತು. ಹಾಡು ಮಾತ್ರ ಇರಲಿಲ್ಲ.

ಪ್ರಾಸಣ್ಣ ದವಡೆ ಹಲ್ಲು ತೋರಿಸಲು ಹೋದದ್ದು ಇಂಥ ಹೊತ್ತಿನಲ್ಲಿ. ಡಾಕ್ಟರು ಅವನ ಬಾಯೊಳಗೆ ಹತ್ತಿ, ಕನ್ನಡಿ, ಕೊಳವೆ ಎಲ್ಲ ತುರುಕಿ, “ನಮಗೊಂದು ರಾಕ್ ಹಾಡು ಬರೆದುಕೊಡ್ತೀರಾ?” ಎಂದು ಕೇಳಿದರು. ಪ್ರಾಸಣ್ಣ “ಆಗಲ್ಲ” ಎಂದ. ಆದರೆ ಬಾಯಿ ತೆರೆದಿದ್ದರಿಂದ ಹೊರಗೆ ಬಂದದ್ದು “ಆ” ಮಾತ್ರ.

“ಆಯ್ತು ಅಂದ್ರಲ್ಲ, ತುಂಬಾ ಸಂತೋಷ” ಎಂದು ಡಾಕ್ಟರು ಡ್ರಿಲ್ಲು ಚಾಲೂ ಮಾಡಿದರು. ಡ್ರಿಲ್ಲಿನ ನಡುವೆಯೇ ವಿಷಯವನ್ನೂ ವಿವರಿಸಿದರು. “ಯಾರೋ ನಿಮ್ಮನ್ನ ಹಿಡಿದಿಟ್ಕೊಂಡಿದಾರೆ. ಅವರು ಹೇಳಿದ ಹಾಗೇ ಕುಣೀತಿದೀರಿ. ಒಂದು ದಿನ ನೀವು ಕಿತ್ಕೊಂಡು ಆಚೆ ಬರ್ತೀರಿ. ಅಷ್ಟೇ ರಾಕ್. ನಮಗೆ ಸಿಟ್ಟು ಬೇಕು ಸಾರ್, ಸಿಟ್ಟು!”

ಪ್ರಾಸಣ್ಣ ಮನೆಗೆ ಬಂದು ಸಿಟ್ಟಿಗಾಗಿ ಹುಡುಕಿದ. ಸಿಗಲಿಲ್ಲ. ಅವನನ್ನು ಹಿಡಿದಿಟ್ಟವರು ಯಾರು? ಕಚೇರಿಯ ಸಾಹೇಬರು ಊಟವಾದ ಮೇಲೆ ಕುರ್ಚಿಯಲ್ಲೇ ನಿದ್ದೆ ಹೋಗುವವರು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಸಂಜೆ ಬಂದವಳು ಯಾವ ಗಿರಾಕಿ ಅಕ್ಷರದ ಬೋರ್ಡನ್ನು ಕಂಠಪಾಠ ಮಾಡಿಕೊಂಡು ಬಂದಿದ್ದ ಎಂಬಂಥ ಕಥೆಗಳನ್ನು ಹೇಳಿ ನಗಿಸುವವಳು. ಇವರ ಮೇಲೆಲ್ಲ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಪೆನ್ನು ಕಚ್ಚುತ್ತ ಕೂತವನು ಎದ್ದು ಎರಡು ಹೆಜ್ಜೆ ನಡೆದ. ಹಿಮ್ಮಡಿಯಿಂದ ನೆತ್ತಿಯವರೆಗೆ ನೋವು ಚುಳ್ಳೆಂದಿತು. ಸಿಟ್ಟು ಸಿಕ್ಕಿತು.

ಇಲ್ಲಿ ಆ ಶೂಗಳ ವಿಷಯ ಹೇಳಬೇಕು. ಹೆಂಡತಿ ತನ್ನ ಮೊದಲ ಸಂಬಳದಲ್ಲಿ ಗಂಡನಿಗೆ ಶೂ ತಂದಿದ್ದಳು. ಊರೆಲ್ಲ ನಡೆಯುವ ಮನುಷ್ಯ ಸವೆದ ಚಪ್ಪಲಿಯಲ್ಲಿ ಓಡಾಡುತ್ತಾನೆ ಎಂದು ಅವಳಿಗೆ ಬಹಳ ದಿನದಿಂದ ಕೊರಗಿತ್ತು. ಗುಟ್ಟಾಗಿ ಕೊಡಬೇಕೆಂದು, ಮನೆಗೆ ಅವಳ ಅಣ್ಣ ಬಂದಿದ್ದ ಗಡಿಬಿಡಿಯಲ್ಲಿ, ಬಾಗಿಲಲ್ಲಿದ್ದ ಚಪ್ಪಲಿಗೆ ದಾರ ಹಿಡಿದು ಅಳತೆ ತೆಗೆದಿದ್ದಳು. ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಶೂ. ಪ್ರಾಸಣ್ಣ ಅದರಲ್ಲಿ ಕಾಲು ತೂರಿಸಿ, ಉಸಿರು ಬಿಗಿಹಿಡಿದು, “ಹೂವಿನ ಹಾಗಿದೆ” ಎಂದ. ಅವಳ ಕಣ್ಣಲ್ಲಿ ನೀರು ಬಂತು. ಅವನ ಕಣ್ಣಲ್ಲೂ ಬಂತು, ಕಾರಣ ಬೇರೆ.

ಅಂದಿನಿಂದ ಅವಳು ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು, ಅವನು ಬೀದಿ ತಿರುಗುವವರೆಗೂ ಆ ಶೂಗಳನ್ನು ನೋಡುತ್ತಿದ್ದಳು. ಬೀದಿ ತಿರುಗಿದ ಮೇಲೆ ಅವನು ಕುಂಟುತ್ತಿದ್ದ. ಅಂಗಡಿಗಳಲ್ಲಿ ಶೂ ಬಿಚ್ಚಿಟ್ಟು ಬರಿಗಾಲಲ್ಲಿ ತಕ್ಕಡಿ ಪರೀಕ್ಷೆ ಮಾಡುತ್ತಿದ್ದುದನ್ನು ಕಂಡು ದಿನಸಿಯವನೊಬ್ಬ, “ಮಾಡೋ ಕೆಲಸದ ಮೇಲೆ ಎಷ್ಟು ಭಕ್ತಿ ನೋಡಿ” ಎಂದು ಅಕ್ಕಪಕ್ಕದವರಿಗೆ ಹೇಳಿದನಂತೆ.

ಈ ಶೂಗಳ ಮೇಲೆ ಪ್ರಾಸಣ್ಣ ಒಂದೇ ಉಸಿರಿನಲ್ಲಿ ಹಾಡು ಬರೆದ.

ಕಚ್ಚಬೇಡ ನನ್ನ, ಕಚ್ಚಬೇಡ ಇನ್ನು,
ಬಿಗಿದು ಹಿಡಿದದ್ದು ಸಾಕು, ಬಿಡು ನನ್ನನ್ನು!
ನೀ ನಡೆಸಿದಂತೆ ನಡೆದೆ ಊರೆಲ್ಲ ನಾನು,
ಬಾಗಿಲಾಚೆ ಬಿಸಾಕುವೆ ಇಂದು ನಿನ್ನನ್ನು!

ಹೊಳಪು ಕಂಡು ಮರುಳಾದೆ,
ಒಳಗೆ ಸಿಕ್ಕಿ ನರಳಿದೆ,
ಹಲ್ಲು ಕಚ್ಚಿ ನಗುನಗುತ
‘ಚೆನ್ನಾಗಿದೆ’ ಅಂತ ಬೊಗಳಿದೆ!

ಡಾಕ್ಟರು ಓದಿ ಎದ್ದು ನಿಂತರು. “ಸಾರ್, ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ರಿ?” ಎಂದರು. ಬೇಕರಿಯವನು ಅವನ ಹೆಗಲ ಮೇಲೆ ಕೈಯಿಟ್ಟು, “ನಮ್ಮ ಮನೇಲೂ ಹೀಗೇನೇ” ಎಂದು ಪಿಸುಗುಟ್ಟಿದ. ಪ್ರಾಸಣ್ಣನಿಗೆ ಅರ್ಥವಾಗಲಿಲ್ಲ. ಇವನ ಹೆಂಡತಿಯೂ ಚಿಕ್ಕ ಶೂ ತಂದಿರಬೇಕು ಎಂದುಕೊಂಡು ಮನೆಗೆ ಬಂದ.

ಮರುದಿನ ಸಂಜೆಯಿಂದ ಅಭ್ಯಾಸ ಶುರುವಾಯಿತು. ಸಂಗೀತದ ಬಗ್ಗೆ ನಾನು ಏನೂ ಹೇಳುವುದಿಲ್ಲ. ನನ್ನ ಮನೆಯ ಕಿಟಕಿ ಗಾಜು ಅದರ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿತು. ಆದರೆ ಮಾತುಗಳು ಸ್ಪಷ್ಟವಾಗಿದ್ದವು. ಹಲ್ಲಿನ ಡಾಕ್ಟರ ಉಚ್ಚಾರಣೆ ಶುದ್ಧ. ‘ಬಿಡು ನನ್ನನ್ನು’ ಎಂಬುದು ಮೆಟ್ಟಿಲು ಹತ್ತಿ, ಪ್ರತಿ ಬಾಗಿಲು ತಟ್ಟಿ, ಟೆರೇಸಿನವರೆಗೂ ಹೋಯಿತು. ಬರೆದವರು ಯಾರು ಎಂಬುದು ಬೇಕರಿಯಿಂದ ಬ್ರೆಡ್ಡಿನ ಜೊತೆ ಮನೆ ಮನೆಗೆ ತಲುಪಿತು.

ಮಾರನೇ ದಿನವೇ ಸಂಘದ ಕಾರ್ಯದರ್ಶಿಯಮ್ಮ ಪ್ರಾಸಣ್ಣನ ಮನೆಗೆ ಬಂದರು. ಅವನು ಇರಲಿಲ್ಲ, ಹೆಂಡತಿ ಇದ್ದಳು. ನಮ್ಮ ಎರಡು ಮನೆಗಳ ನಡುವಿನ ಗೋಡೆ ತೆಳ್ಳಗಿರುವುದು ಕಟ್ಟಿದವನ ತಪ್ಪು, ನನ್ನದಲ್ಲ.

“ನಾನು ಯಾರ ಮನೆ ವಿಷಯಕ್ಕೂ ಹೋಗೋಳಲ್ಲ” ಎಂದು ಅವರು ಶುರು ಮಾಡಿದರು. ಹಾಗೆ ಶುರು ಮಾಡಿದರೆಂದರೆ ಒಂದು ಗಂಟೆ ಖಂಡಿತ. “ಹಾಡು ಕೇಳಿದ್ಯಾ? ‘ನೀನು’ ಅಂತ ಬರೆದಿದಾರೆ. ನಾನು ಸುಮ್ಮನೆ ಯೋಚನೆ ಮಾಡಿದೆ. ಇವರು ಯಾರಿಗೆ ‘ನೀನು’ ಅಂತಾರೆ? ನನಗೆ ‘ನೀವು’. ಸಾಹೇಬರಿಗೆ ‘ನೀವು’. ಹಾಲು ತರೋನಿಗೆ ‘ನೀವು’. ನಮ್ಮ ಮೊಮ್ಮಗುವಿಗೆ ಇನ್ನೂ ಹಲ್ಲು ಬಂದಿಲ್ಲ, ಅದಕ್ಕೂ ‘ನೀವು ಯಾಕೆ ಅಳ್ತಿದೀರಿ?’ ಅಂತಾರೆ. ಇಡೀ ಊರಲ್ಲಿ ಅವರು ‘ನೀನು’ ಅನ್ನೋದು ಒಬ್ಬರಿಗೇ ಅಲ್ವೇನೇ?”

ಗೋಡೆಯ ಈ ಕಡೆ ನಾನು ಚಹದ ಲೋಟ ಕೆಳಗಿಟ್ಟು ಬೆರಳೆಣಿಸಿ ನೋಡಿದೆ. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ.

ಅಂದು ಸಂಜೆ ಪ್ರಾಸಣ್ಣ ಮನೆಗೆ ಬಂದಾಗ ಕಾಲ ಬದಲಾಗಿತ್ತು.

“ಇವತ್ತು ಕನ್ನಡಕದ ಅಂಗಡೀಲಿ ಏನು ಕಥೆ?” ಎಂದು ಕೇಳಿದ.

“ಏನಿಲ್ಲ.”

“ಕಿಟಕಿ ಹಾಕ್ಲಾ?”

“ನಿಮ್ಮಿಷ್ಟ.”

“ಊಟ ಈಗಲೇ ಮಾಡೋಣವಾ?”

“ನಿಮ್ಮಿಷ್ಟ.”

ಮದುವೆಯಾದವರಿಗೆ ಗೊತ್ತು, ಭಾಷೆಯಲ್ಲಿ ಇದಕ್ಕಿಂತ ಭಯಂಕರವಾದ ಪದ ಇಲ್ಲ. ಪ್ರಾಸಣ್ಣ ಒಂದು ವಾರ ‘ನಿಮ್ಮಿಷ್ಟ’ ತಿಂದು, ‘ನಿಮ್ಮಿಷ್ಟ’ ಕುಡಿದು ಬದುಕಿದ. ಬಾಲ್ಕನಿಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಅವನು ಮಾತ್ರ ಬೀದಿ ತಿರುಗುವವರೆಗೂ ಕುಂಟದೆ ನಡೆದ, ಒಂದು ವೇಳೆ ನೋಡುತ್ತಿದ್ದರೆ ಎಂದು.

ಕಾರಣ ಏನೆಂದು ಕೊನೆಗೆ ಅವನಿಗೆ ತಿಳಿಸಿದವನು ನಾನೇ. ಹಾಡು ಅವಳ ಮೇಲೆ ಎಂದು ಇಡೀ ಕಟ್ಟಡ ಮಾತಾಡಿಕೊಳ್ಳುತ್ತಿದೆ ಎಂದೆ. ಅವನು ಮೆಟ್ಟಿಲ ಮೇಲೆ ಕೂತು ಒಂದು ಶೂ ಬಿಚ್ಚಿ ನನ್ನ ಮುಂದೆ ಹಿಡಿದ.

“ಅಯ್ಯೋ! ಅದು ಶೂ ಮೇಲೆ ರೀ!”

“ಹಾಗಂತ ಅವರಿಗೆ ಹೇಳಿ.”

“ಹೇಗೆ ಹೇಳ್ಲಿ? ಮೊದಲ ಸಂಬಳದ ಶೂ. ಹೂವಿನ ಹಾಗಿದೆ ಅಂದಿದೀನಿ. ಅಂಗಡೀಲೆಲ್ಲ ಹೇಳ್ಕೊಂಡು ಬಂದಿದಾಳೆ. ಈಗ ನಿನ್ನ ಮೇಲಲ್ಲ, ನೀನು ಕೊಟ್ಟಿದ್ದರ ಮೇಲೆ ಅಂದ್ರೆ ಸಮಾಧಾನ ಆಗುತ್ತಾ?”

ಅದೂ ನಿಜವೇ. ಇತ್ತ ಹೋದರೆ ಹೆಂಡತಿ, ಅತ್ತ ಹೋದರೆ ಹೆಂಡತಿಯ ಶೂ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಅವನು ಒಂದು ಉಪಾಯ ಕಂಡುಹಿಡಿದ. ಅವನ ಉಪಾಯಗಳ ಚರಿತ್ರೆ ಗೊತ್ತಿದ್ದೂ ನಾನು ತಡೆಯಲಿಲ್ಲ. ನನಗೂ ಮುಂದೇನಾಗುತ್ತದೆ ಎಂಬ ಕುತೂಹಲ ಇತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಅವನು ಕ್ಲಿನಿಕ್ಕಿಗೆ ಹೋಗಿ ಹಾಡಿನಲ್ಲಿದ್ದ ‘ನೀನು’ಗಳನ್ನೆಲ್ಲ ಹೊಡೆದುಹಾಕಿ ‘ನೀವು’ ಮಾಡಿದ.

“ಕಚ್ಚಬೇಡಿ ನನ್ನ, ಕಚ್ಚಬೇಡಿ ಇನ್ನು, ದಯವಿಟ್ಟು ಬಿಡಿ ನನ್ನನ್ನು” ಎಂದು ಡಾಕ್ಟರು ಹಾಡಿ ನೋಡಿ ಗಿಟಾರು ಕೆಳಗಿಟ್ಟರು. “ಸಾರ್, ರಾಕಲ್ಲಿ ‘ನೀವು’ ಬರೋದಿಲ್ಲ. ಅಲ್ಲಿ ದೇವರಾದ್ರೂ ‘ನೀನು’.”

“ಅರ್ಜಿ ಬರೆದ ಹಾಗಿದೆ” ಎಂದ ಬೇಕರಿಯವನು. “ಕೊನೆಗೆ ‘ಇಂತಿ ತಮ್ಮ ವಿಧೇಯ’ ಅಂತ ಹಾಕಿದ್ರೆ ಸರಿಹೋಗುತ್ತೆ.”

ಆದರೂ ಪ್ರಾಸಣ್ಣ ಕೈಮುಗಿದಿದ್ದರಿಂದ ಒಪ್ಪಿಕೊಂಡರು. ‘ನೀನು’ ಇದ್ದಾಗ ನೊಂದವರು ಒಬ್ಬರೇ. ‘ನೀವು’ ಆದ ಮೇಲೆ ನೊಂದುಕೊಳ್ಳಲು ಊರಿಗೆ ಊರೇ ಅರ್ಹವಾಯಿತು ಎಂಬುದು ಅವನಿಗೆ ಹೊಳೆದಿರಲಿಲ್ಲ.

ಮೊದಲು ಸಿಕ್ಕಿಬಿದ್ದವರು ಸಾಹೇಬರು. ಅವರು ಅದೇ ಡಾಕ್ಟರ ಹತ್ತಿರ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಿದ್ದರು. ಅದು ಸಡಿಲವಾಗಿದೆ ಎಂದು ಸಂಜೆ ಬಂದವರಿಗೆ ಹೊಸ ಹಾಡು ಕಿವಿಗೆ ಬಿತ್ತು. ಬೆಳಿಗ್ಗೆ ಪ್ರಾಸಣ್ಣನನ್ನು ಕೋಣೆಗೆ ಕರೆಸಿದರು.

“ಕೂತ್ಕೊಳಿ ಕವಿಗಳೇ. ನಿಮ್ಮನ್ನ ಊರೆಲ್ಲ ನಡೆಸೋರು ಯಾರು?”

“ತಾವೇ ಸಾರ್.”

“ಒಪ್ಕೊಂಡ್ರಿ. ಇನ್ನು ‘ಕಚ್ಚಬೇಡಿ’ ಅಂತ. ಹೊಸ ಹಲ್ಲು ಕಟ್ಟಿಸಿಕೊಂಡ ಮನುಷ್ಯನಿಗೆ ಅನ್ನೋ ಮಾತೇನ್ರೀ ಅದು? ನಾನು ಯಾವಾಗ ನಿಮ್ಮನ್ನ ಕಚ್ಚಿದೆ?”

“ಸಾರ್, ಹಳೇ ಹಲ್ಲಿದ್ದಾಗಲೂ ತಾವು ಕಚ್ಚಿದ್ದಿಲ್ಲ.”

“ಹೊಳಪು ಕಂಡು ಮರುಳಾದೆ ಅಂದ್ರೆ? ಇದೇ ತಾನೆ?” ಸಾಹೇಬರು ಹಲ್ಲು ತೋರಿಸಿದರು. ಅದು ನಿಜಕ್ಕೂ ಹೊಳೆಯುತ್ತಿತ್ತು. “ಆಗಲಿ. ನಾಳೆಯಿಂದ ನೀವು ಊರು ಸುತ್ತೋದು ಬೇಡ. ಬೆಳಿಗ್ಗೆಯಿಂದ ಸಂಜೆವರೆಗೆ ಇದೇ ಕೋಣೇಲಿ, ನನ್ನ ಕಣ್ಣ ಮುಂದೆ ಕೂತಿರಿ. ಅದೇ ಶಿಕ್ಷೆ.”

ನಡೆಯಬೇಕಾಗಿಲ್ಲ ಎಂದು ಕೇಳಿದ್ದೇ ಪ್ರಾಸಣ್ಣನ ಮುಖ ಅರಳಿತು. ಸಾಹೇಬರು ಅದನ್ನು ಉದ್ಧಟತನ ಎಂದು ತಿಳಿದು ಮೇಜು ಗುದ್ದಿದರು.

ಇನ್ನು ಮನೆಯಲ್ಲಿ ಪರಿಸ್ಥಿತಿ ಸುಧಾರಿಸಿತೇ? ಕಾರ್ಯದರ್ಶಿಯಮ್ಮ ಇರುವಾಗ ಅದು ಹೇಗೆ ಸಾಧ್ಯ? “ನೋಡಿದ್ಯಾ, ‘ನೀನು’ ತೆಗೆದು ‘ನೀವು’ ಹಾಕಿದಾರೆ. ಏನೂ ಇಲ್ಲದಿದ್ರೆ ಮುಚ್ಚಿಡೋದು ಯಾಕೆ?” ಎಂದು ಅವರು ಬಂದು ಹೇಳಿ ಹೋದರು. ಸಾಲದ್ದಕ್ಕೆ ಅವಳ ಅಣ್ಣನಿಗೂ ಫೋನು ಮಾಡಿದರು.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಅಣ್ಣ ಬಂದ. ಆಳು ಕುಳ್ಳ, ದನಿ ದೊಡ್ಡದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವಾಗಲೇ ನನ್ನ ಮನೆಯವರೆಗೂ ಕೇಳುವಂತೆ, “ನಮ್ಮ ಹುಡುಗಿ ನಿಮಗೇನ್ರೀ ಕಡಿಮೆ ಮಾಡಿದಾಳೆ?” ಎಂದ. ನಾನು ಸಕ್ಕರೆ ಬೇಕು ಎಂದು ಲೋಟ ಹಿಡಿದು ಅವರ ಬಾಗಿಲಿಗೆ ಹೋದೆ. ಕಾರ್ಯದರ್ಶಿಯಮ್ಮ ಮೊದಲೇ ಅಲ್ಲಿದ್ದರು, ಅವರ ಕೈಯಲ್ಲೂ ಲೋಟ ಇತ್ತು.

ಪ್ರಾಸಣ್ಣ ಕಾಲನ್ನು ಕುರ್ಚಿಯ ಕೆಳಗೆ ಬಚ್ಚಿಟ್ಟು ಕೂತಿದ್ದ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

“ಭಾವ, ಹಾಡು ಇವಳ ಮೇಲಲ್ಲ” ಎಂದ ಪ್ರಾಸಣ್ಣ.

“ಮತ್ತೆ ಯಾರ ಮೇಲೆ?”

ಪ್ರಾಸಣ್ಣ ಹೆಂಡತಿಯ ಮುಖ ನೋಡಿದ. ಆಮೇಲೆ ಬಾಗಿಲ ಬಳಿ ಹೊಳೆಯುತ್ತಿದ್ದ ಶೂಗಳನ್ನು ನೋಡಿದ. “ಕಲ್ಪನೆ” ಎಂದುಬಿಟ್ಟ.

“ಯಾರು ಆ ಕಲ್ಪನಾ?” ಅಣ್ಣ ಎದ್ದು ನಿಂತ. “ನಿಮ್ಮ ಆಫೀಸಿನವಳಾ?”

ಕಾರ್ಯದರ್ಶಿಯಮ್ಮ ಲೋಟ ಹಿಡಿದುಕೊಂಡೇ ಹೊಸ್ತಿಲು ದಾಟಿ ಒಳಗೆ ಬಂದರು. ಇಷ್ಟು ದೊಡ್ಡ ಸುದ್ದಿಯನ್ನು ಅವರು ನಿರೀಕ್ಷಿಸಿರಲಿಲ್ಲ.

“ಇವರಿಗೆ ಕಲ್ಪನೆ ಗಿಲ್ಪನೆ ಏನೂ ಇಲ್ಲ ಅಣ್ಣ” ಎಂದಳು ಹೆಂಡತಿ. ಇಷ್ಟು ದಿನಗಳಲ್ಲಿ ಅವಳಾಡಿದ ಮೊದಲ ಉದ್ದನೆಯ ಮಾತು ಅದು. “ಯಾವ ಅರ್ಥದಲ್ಲೂ ಇಲ್ಲ. ನನಗೆ ಗೊತ್ತು. ಹಾಡು ಹುಟ್ಟಿದ್ದು ನಾನು ಸಂಬಳ ತಂದ ಮೇಲೆ. ಇವರಿಗೆ ನಾನು ಕೆಲಸಕ್ಕೆ ಹೋಗೋದು ಇಷ್ಟ ಇಲ್ಲ, ಅಷ್ಟೇ. ಬಾಯಿಬಿಟ್ಟು ಹೇಳೋಕೆ ಆಗ್ದೆ ಹಾಡು ಬರೆದಿದಾರೆ. ನಾನು ನಾಳೆ ಅಂಗಡಿಯವರಿಗೆ ಹೇಳಿ ಬಿಟ್ಟುಬಿಡ್ತೀನಿ. ಎಲ್ಲ ಮೊದಲಿನ ಹಾಗೇ ಆಗಲಿ.”

ಅವಳ ದನಿ ಕೊನೆಗೆ ಸ್ವಲ್ಪ ನಡುಗಿತು. ಆ ಕನ್ನಡಕದ ಅಂಗಡಿಗೆ ಹೋಗುವಾಗ ಅವಳು ಮೆಟ್ಟಿಲಿಳಿಯುವ ರೀತಿ ನನಗೆ ಗೊತ್ತಿತ್ತು. ಗುನುಗುತ್ತಾ ಇಳಿಯುತ್ತಿದ್ದಳು.

ಪ್ರಾಸಣ್ಣನಿಗೆ ಈಗ ಬೇರೆ ದಾರಿಯಿರಲಿಲ್ಲ. ಅವಳು ಕೆಲಸ ಬಿಡುವುದಕ್ಕಿಂತ ಶೂ ವಿಷಯ ತಿಳಿದು ಅವಳಿಗೆ ಬೇಸರವಾಗುವುದೇ ಮೇಲು. ಹೇಳಲೆಂದು ಬಾಯಿ ತೆರೆದ. “ಆ...” ಎಂದ. ಅಲ್ಲಿಗೇ ನಿಂತಿತು. ಅವನ ಬಾಯಿಗೆ ಅದೊಂದು ಚಾಳಿಯೇ ಆಗಿಹೋಗಿತ್ತು.

“ಏನು ಆ? ಇಂಥವರ ಮನೇಲಿ ನಾನು ಒಂದು ನಿಮಿಷ ಇರಲ್ಲ” ಎಂದು ಅಣ್ಣ ಬಿರಬಿರನೆ ಹೊರಟ. ಸಿಟ್ಟಿನಲ್ಲಿ ಬಾಗಿಲಲ್ಲಿ ಸಿಕ್ಕಿದ್ದರಲ್ಲಿ ಕಾಲು ತೂರಿಸಿ, ಧಡಧಡ ಮೆಟ್ಟಿಲಿಳಿದ. ಅರ್ಧ ಇಳಿದವನು ನಿಂತ. ಕೆಳಗೆ ನೋಡಿದ. ಒಂದು ಕಾಲು ಎತ್ತಿ ನೋಡಿದ, ಇನ್ನೊಂದು ಎತ್ತಿ ನೋಡಿದ.

“ಅರೆ, ಇದು ಯಾರದ್ದು?” ಎಂದ. ಅವನ ದನಿಯಲ್ಲಿದ್ದ ಸಿಟ್ಟೆಲ್ಲ ಇಳಿದುಹೋಗಿತ್ತು. “ನನ್ನ ಕಾಲಿಗೇ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಹೂವಿನ ಹಾಗಿದೆ ಕಣೇ!”

ಹಿಂದೆಯೇ ಬಾಗಿಲಿಗೆ ಬಂದಿದ್ದ ಹೆಂಡತಿ ಅಣ್ಣನ ಕಾಲು ನೋಡಿದಳು. ಬಾಗಿಲಲ್ಲಿ ಉಳಿದಿದ್ದ ಅಣ್ಣನ ಚಪ್ಪಲಿ ನೋಡಿದಳು. ಎರಡು ಬೆರಳ ನಡುವೆ ಇಲ್ಲದ ದಾರ ಹಿಡಿದು ಗಾಳಿಯಲ್ಲಿ ಒಂದು ಸಲ ಎಳೆದಳು. ಆಮೇಲೆ ಒಳಗೆ ಬಂದು ಗಂಡನ ಕುರ್ಚಿಯ ಮುಂದೆ ಕೂತು, “ಕಾಲು ಆಚೆ ತೆಗೀರಿ” ಎಂದಳು.

ಪ್ರಾಸಣ್ಣ ತೆಗೆದ. ಹಿಮ್ಮಡಿಗಳ ಮೇಲೆ ಪಟ್ಟಿಯ ಮೇಲೆ ಪಟ್ಟಿ ಅಂಟಿಸಿದ್ದ. ಕಿರುಬೆರಳುಗಳ ಬಗ್ಗೆ ಇಲ್ಲಿ ಬರೆಯದಿರುವುದೇ ಒಳ್ಳೆಯದು.

“ಕಚ್ಚಬೇಡ ಅಂದ್ರೆ...” ಎಂದಳು ಅವಳು ನಿಧಾನವಾಗಿ.

“ಶೂ” ಎಂದ ಪ್ರಾಸಣ್ಣ.

“ಬಿಗಿದು ಹಿಡಿದದ್ದು?”

“ಶೂ.”

“ಊರೆಲ್ಲ ನಡೆಸಿದ್ದು?”

“ಅದೂ ಶೂ.”

“ಚೆನ್ನಾಗಿದೆ ಅಂತ ಬೊಗಳಿದ್ದು?”

“ಅದು ನಾನು.”

“ಕಾಲೆಲ್ಲ ಸುಲಿಸಿಕೊಂಡು ಹೂವಿನ ಹಾಗಿದೆ ಅಂದ್ರಾ? ಒಂದು ಮಾತು ಹೇಳಿದ್ರೆ ಅವತ್ತೇ ಬದಲಾಯಿಸ್ಕೊಂಡು ಬರ್ತಿದ್ನಲ್ಲಾ!”

“ನೀನು ಬಾಲ್ಕನೀಲಿ ನಿಂತು ನೋಡ್ತಿದ್ದೆ. ಅಷ್ಟು ಖುಷಿಯಾಗಿ ನನ್ನನ್ನ ಯಾವತ್ತೂ ನೋಡಿರಲಿಲ್ಲ. ಅದು ತಪ್ಪಿಹೋಗುತ್ತೆ ಅಂತ...” ಎಂದ ಪ್ರಾಸಣ್ಣ. “ನೀನು ಕೆಲಸ ಬಿಡಬೇಡ ಮಾರಾಯ್ತಿ. ಸಂಜೆ ಆ ಕಥೆ ಇಲ್ಲದೆ ನನಗೆ ಊಟ ಸೇರಲ್ಲ.”

ಇದರಲ್ಲಿ ಒಂದು ಪ್ರಾಸವೂ ಇರಲಿಲ್ಲ. ಅವನು ಜೀವಮಾನದಲ್ಲಿ ಹೇಳಿದ್ದರಲ್ಲಿ ಅದೇ ಒಳ್ಳೆಯ ಪದ್ಯ ಎಂದು ನನಗನ್ನಿಸುತ್ತದೆ.

ಅವಳು ಕಣ್ಣೊರೆಸಿಕೊಂಡು ಎದ್ದು, ನೇರ ಕೆಳಗಿಳಿದು, ಕ್ಲಿನಿಕ್ಕಿನ ಬಾಗಿಲು ತಳ್ಳಿದಳು. “ಡಾಕ್ಟ್ರೇ, ಹಾಡಲ್ಲಿರೋ ‘ನೀವು’ ಎಲ್ಲ ತೆಗೀರಿ. ಶೂಗೆ ಯಾರಾದ್ರೂ ‘ನೀವು’ ಅಂತಾರಾ? ಮತ್ತೆ, ಇವತ್ತು ನಾನೂ ಹಾಡ್ತೀನಿ. ಕಚ್ಚಿದ್ದನ್ನ ತಂದೋಳು ನಾನು, ನನಗೂ ಅದರಲ್ಲಿ ಪಾಲಿದೆ.” ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿ “ಆ” ಎಂದನಂತೆ. ಅದನ್ನು ಸರ್ವಾನುಮತ ಎಂದು ಪರಿಗಣಿಸಲಾಯಿತು.

ಸಂಜೆ ಕಟ್ಟಡದ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿದ್ದರು. ಡಾಕ್ಟರು ಕರೆದಿದ್ದರಿಂದ ಸಾಹೇಬರೇ ಮುಖ್ಯ ಅತಿಥಿ. ಹಾಡಿನಲ್ಲಿ ‘ನೀನು’ ವಾಪಸು ಬಂದಿದೆ ಎಂದು ತಿಳಿದು ಅವರು ಪ್ರಸನ್ನರಾಗಿದ್ದರು. “ನನಗೆ ‘ನೀನು’ ಅನ್ನೋ ಧೈರ್ಯ ಇವನಿಗೆಲ್ಲಿಂದ ಬರಬೇಕು? ಹಾಗಾದ್ರೆ ಇದು ನಾನಲ್ಲ” ಎಂದು ನನಗೆ ಹೇಳಿದರು. ಪ್ರಾಸಣ್ಣ ಮೊದಲ ಸಾಲಿನಲ್ಲಿ ಬರಿಗಾಲಲ್ಲಿ ಕೂತಿದ್ದ. ಶೂಗಳು ಭಾವನ ಜೊತೆ ಊರು ಸೇರಿದ್ದವು. ಭಾವ ಅವನ್ನು ಬಿಚ್ಚಿ ಕೊಡಲು ಒಪ್ಪಿರಲಿಲ್ಲ.

ಡಾಕ್ಟರು ತಂತಿ ಮೀಟಿದರು, ಬೇಕರಿಯವನು ಬಡಿದ. ಅವಳು ಮೈಕಿನ ಮುಂದೆ ಬಂದಳು. ದನಿ ಹೊರಟಿತು ನೋಡಿ! ಈ ಕಟ್ಟಡದ ಗೋಡೆಗಳು ಇಷ್ಟು ತೆಳ್ಳಗಿದ್ದೂ ಅಂಥ ಗಂಟಲೊಂದು ಪಕ್ಕದಲ್ಲೇ ಇದೆ ಎಂದು ನನಗೆ ಗೊತ್ತಿರಲಿಲ್ಲ. ‘ಬಾಗಿಲಾಚೆ ಬಿಸಾಕುವೆ ಇಂದು’ ಎಂದು ಎತ್ತಿಕೊಂಡು, ‘ನಿನ್ನನ್ನು’ ಎನ್ನುವಾಗ ಕೈ ಚಾಚಿ ಮೊದಲ ಸಾಲಿನ ಪ್ರಾಸಣ್ಣನನ್ನೇ ತೋರಿಸಿ ಜೋರಾಗಿ ನಕ್ಕಳು. ಸಾಹೇಬರು ಉತ್ಸಾಹದಲ್ಲಿ ಶಿಳ್ಳೆ ಹಾಕಲು ಹೋಗಿ ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡರು.

ಕಾರ್ಯದರ್ಶಿಯಮ್ಮ ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದರು. “ಅವಳು ಅವರಿಗೆ ‘ನೀನು’ ಅಂದಳಾ? ಮದುವೆ ಆದಾಗಿಂದ ‘ನೀವು’ ಬಿಟ್ಟು ಬೇರೆ ಅಂದಿಲ್ಲ!”

“ಶೂಗೆ ಅಂದಿದ್ದು” ಎಂದೆ.

“ಎಲ್ಲಿದೆ ಶೂ?” ಎಂದು ಅವರು ಬಗ್ಗಿ ನೋಡಿದರು. ಅಲ್ಲಿದ್ದದ್ದು ಎರಡು ಬರಿಗಾಲು, ತಾಳಕ್ಕೆ ಸರಿಯಾಗಿ ನೆಲ ತಟ್ಟುತ್ತಿದ್ದವು.

ಎಲ್ಲ ಮುಗಿದ ಮೇಲೆ ಕುರ್ಚಿ ಮಡಿಸಿಟ್ಟು ಪ್ರಾಸಣ್ಣ ಮತ್ತು ನಾನು ಮೆಟ್ಟಿಲು ಹತ್ತುತ್ತಿದ್ದೆವು. ಅವಳು ಮೊದಲೇ ಹೋಗಿ ಬಾಗಿಲು ತೆಗೆದು ದೀಪ ಹಾಕಿದ್ದಳು. ಮೇಲಿನಿಂದ ಅವಳ ದನಿ ಬಂತು.

“ಬಾ, ಊಟಕ್ಕೆ ಹೊತ್ತಾಯ್ತು.”

ಪ್ರಾಸಣ್ಣ ನಿಂತ. ಹಿಂದೆ ತಿರುಗಿ ಮೆಟ್ಟಿಲೆಲ್ಲ ನೋಡಿದ. ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

“ಯಾರನ್ನ ಕರೀತಿದಾಳೆ?” ಎಂದು ನನ್ನನ್ನು ಕೇಳಿದ.

“ನನ್ನನ್ನಂತೂ ಅಲ್ಲ” ಎಂದೆ.

“ಮತ್ತೆ ಯಾರನ್ನ?”

“ನಿನ್ನನ್ನೇ!” ಎಂದಳು ಅವಳು ಮೇಲಿನಿಂದ.

ಪ್ರಾಸಣ್ಣ ನೊಂದ ಹಿಮ್ಮಡಿಗಳ ನೆನಪೇ ಇಲ್ಲದವನಂತೆ ಎರಡೆರಡು ಮೆಟ್ಟಿಲು ಹಾರುತ್ತ ಓಡಿದ.